ಕೈಗಡಿಯಾರದ ಪಟ್ಟಿಯ ಅಡಿಯ ಬಣ್ಣ

ಕಾಸರಗೋಡು ಜಿಲ್ಲೆಯ ಗಡಿಭಾಗದ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ಜೀವಶಾಸ್ತ್ರ ಕಲಿಸುವ ಅಧ್ಯಾಪಿಕೆಯೊಬ್ಬರಿದ್ದಾರೆ. ಇಪ್ಪತ್ತೆರಡು ವರ್ಷಗಳ ಸೇವೆಯಲ್ಲಿ ಅವರು ಚರ್ಮದ ಪಾಠವನ್ನು ಇಪ್ಪತ್ತೆರಡು ಸಲ ಮಾಡಿದ್ದಾರೆ. ಹೊರಚರ್ಮ, ಒಳಚರ್ಮ, ಬೆವರಿನ ಗ್ರಂಥಿ, ಮೆಲನಿನ್ ಎಂದು ಕಪ್ಪುಹಲಗೆಯಲ್ಲಿ ಚಿತ್ರ ಬರೆದು, ಭಾಗಗಳನ್ನು ಗುರುತಿಸಿ, ಪರೀಕ್ಷೆಗೆ ಬರುವ ಪ್ರಶ್ನೆಯನ್ನು ಹೇಳಿ ಮುಗಿಸುವುದು ಅವರ ರೂಢಿ. ಒಂದು ವರ್ಷ ಮಾತ್ರ ಆ ಪಾಠ ಹಾಗೆ ಮುಗಿಯಲಿಲ್ಲ.

ಉಪಜಿಲ್ಲಾ ಕಲೋತ್ಸವಕ್ಕೆ ಇನ್ನು ಮೂರು ವಾರಗಳಿದ್ದವು. ಸಮೂಹ ನೃತ್ಯದ ಅಭ್ಯಾಸಕ್ಕೆ ಬರುತ್ತಿದ್ದ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಒಮ್ಮೆಲೇ ಬರುವುದನ್ನು ನಿಲ್ಲಿಸಿದಳು. ಕೇಳಿದರೆ ಕಾಲುನೋವು ಎಂದಳು. ಆದರೆ ಆಟದ ಬಯಲಿನಲ್ಲಿ ಅವಳ ಓಟ ಎಂದಿನಂತೆಯೇ ಇತ್ತು. ನಿಜವಾದ ಕಾರಣ ಗೆಳತಿಯೊಬ್ಬಳ ಬಾಯಿಂದ ಹೊರಬಿತ್ತು. ನೃತ್ಯ ಹೇಳಿಕೊಡಲು ಹೊರಗಿನಿಂದ ಬಂದವರು ಅವಳನ್ನು ಮುಂದಿನ ಸಾಲಿನಿಂದ ಹಿಂದಿನ ಸಾಲಿಗೆ ನಿಲ್ಲಿಸಿದ್ದರು. ಬೆಳಕು ಬಿದ್ದಾಗ ಅವಳ ಮುಖ ಎದ್ದು ಕಾಣುವುದಿಲ್ಲ ಎಂಬುದು ಅವರು ಕೊಟ್ಟ ವಿವರಣೆ. ಅವರ ದನಿಯಲ್ಲಿ ಕೋಪವಾಗಲಿ ತಿರಸ್ಕಾರವಾಗಲಿ ಇರಲಿಲ್ಲವಂತೆ. ಮಳೆ ಬರುವಾಗ ಕೊಡೆ ತೆಗೆದುಕೊಳ್ಳಿ ಎಂಬಷ್ಟೇ ಸಹಜವಾಗಿ ಹೇಳಿದ್ದರು. ಮರುದಿನ ಅದೇ ಹುಡುಗಿಯ ಚೀಲದಿಂದ ಪುಸ್ತಕ ತೆಗೆಯುವಾಗ ಒಂದು ಸಣ್ಣ ಬಿಳಿ ಡಬ್ಬಿ ನೆಲಕ್ಕುರುಳಿತು. ಅದರ ಮೇಲೆ ತಯಾರಕರ ಹೆಸರಿಲ್ಲ, ಪರವಾನಗಿ ಸಂಖ್ಯೆಯಿಲ್ಲ, ಒಳಗೆ ಏನೇನು ಬೆರೆಸಿದ್ದಾರೆ ಎಂಬ ಪಟ್ಟಿಯೂ ಇಲ್ಲ. ಹುಡುಗಿ ಅದನ್ನು ಅವಸರದಿಂದ ಎತ್ತಿಕೊಂಡು ಚೀಲದ ತಳಕ್ಕೆ ತುರುಕಿದಳು. ಅಧ್ಯಾಪಿಕೆ ಕಂಡೂ ಕಾಣದವರಂತೆ ಇದ್ದರು.

ಆ ರಾತ್ರಿ ಅವರಿಗೆ ಬೇಗನೆ ನಿದ್ದೆ ಬರಲಿಲ್ಲ. ಅವರೂ ಕಪ್ಪು ಹುಡುಗಿಯಾಗಿಯೇ ಬೆಳೆದವರು. ಅಕ್ಕ ಬೆಳ್ಳಗೆ, ತಾನು ಕಪ್ಪಗೆ. ಮನೆಗೆ ಬಂದವರೆಲ್ಲ ಮೊದಲು ಅಕ್ಕನನ್ನು, ಅನಂತರ ಇವರನ್ನು, ಕೊನೆಗೆ ತಾಯಿಯ ಮುಖವನ್ನು ನೋಡುತ್ತಿದ್ದರು. ಅಜ್ಜಿಗೆ ಮೊಮ್ಮಗಳ ಮೇಲೆ ಇನ್ನಿಲ್ಲದ ಪ್ರೀತಿ. ಆ ಪ್ರೀತಿಯಿಂದಲೇ ಆಕೆ ಶುಕ್ರವಾರ ಶುಕ್ರವಾರ ಕಡಲೆಹಿಟ್ಟು, ಅರಸಿನ, ಹಾಲಿನ ಕೆನೆ ಕಲಸಿ ಮೊಮ್ಮಗಳ ಕೈಕಾಲು ಕೆಂಪಾಗುವ ತನಕ ತಿಕ್ಕುತ್ತಿದ್ದರು. ಬಿಸಿಲಿಗೆ ಹೋಗಬೇಡ, ಇನ್ನೂ ಕಪ್ಪಾಗುತ್ತೀ ಎಂಬ ಮಾತು ದಿನಕ್ಕೆ ನಾಲ್ಕು ಸಲ ಕೇಳಿಸುತ್ತಿತ್ತು. ಮುಂದೆ ಮದುವೆಯ ಮಾತುಕತೆಯ ಕಾಲಕ್ಕೆ ಎರಡು ಕಡೆಯವರು ಜಾತಕ ಕೂಡಿಬರಲಿಲ್ಲವೆಂದು ಹೇಳಿ ಕಳುಹಿಸಿದರು. ಜಾತಕವನ್ನು ಅವರು ಕೇಳಿಯೇ ಇರಲಿಲ್ಲ ಎಂಬುದು ಮನೆಯವರೆಲ್ಲರಿಗೂ ಗೊತ್ತಿತ್ತು.

ಕನ್ನಡದಲ್ಲಿ ಮೈಬಣ್ಣಕ್ಕೆ ಪದಗಳಿಗೆ ಬಡತನವಿಲ್ಲ. ಪತ್ರಿಕೆಯಲ್ಲಿ ಕಾಣೆಯಾದವರ ಚಹರೆ ಬರೆಯುವಾಗ ಎಣ್ಣೆಗೆಂಪು, ಗೋಧಿ ಬಣ್ಣ, ಸಾದಗಪ್ಪು, ನಸುಗಪ್ಪು ಎಂದೆಲ್ಲ ಬರೆಯುತ್ತಾರೆ. ಆ ಪದಗಳು ಮನುಷ್ಯನನ್ನು ಗುರುತಿಸಲು ಹುಟ್ಟಿದವು. ಆದರೆ ವರಾನ್ವೇಷಣೆಯ ಜಾಹೀರಾತಿಗೆ ಬಂದೊಡನೆ ಬಣ್ಣಗಳ ಆ ಸಾಲೆಲ್ಲ ಮಾಯವಾಗಿ ಬೆಳ್ಳಗಿನ ಎಂಬ ಒಂದೇ ಪದ ಉಳಿಯುತ್ತದೆ.

ಮರುದಿನ ಅಧ್ಯಾಪಿಕೆ ತರಗತಿಗೆ ಹೋದವರು ಪುಸ್ತಕ ತೆರೆಯಲಿಲ್ಲ. ಕೈಗಡಿಯಾರ ಕಟ್ಟಿದವರೆಲ್ಲ ಅದನ್ನು ಬಿಚ್ಚಿರಿ ಎಂದರು. ಗಡಿಯಾರವಿಲ್ಲದವರು ಕೈಗೆ ಕಟ್ಟಿದ ದಾರವನ್ನು ಸರಿಸಿ ನೋಡಲಿ, ಅದೂ ಇಲ್ಲದವರು ತೋಳಿನ ಒಳಮೈಯನ್ನೂ ಮುಂಗೈಯ ಹೊರಮೈಯನ್ನೂ ಅಕ್ಕಪಕ್ಕ ಇಟ್ಟು ನೋಡಲಿ ಎಂದರು. ಮಕ್ಕಳು ನಗುತ್ತ ನೋಡಿಕೊಂಡರು. ಪ್ರತಿಯೊಬ್ಬರ ಮೈಯಲ್ಲಿಯೂ ಎರಡು ಬಣ್ಣ. ತರಗತಿಯಲ್ಲಿ ಎಲ್ಲರಿಗಿಂತ ಬೆಳ್ಳಗಿನ ಹುಡುಗನ ಗಡಿಯಾರದ ಅಡಿಯಲ್ಲಿ ಅವನಿಗಿಂತ ಬೆಳ್ಳಗಿನ ಒಂದು ಪಟ್ಟಿ, ಎಲ್ಲರಿಗಿಂತ ಕಪ್ಪಗಿನ ಹುಡುಗಿಯ ದಾರದ ಅಡಿಯಲ್ಲಿ ಅವಳಿಗಿಂತ ತಿಳಿಯಾದ ಒಂದು ಪಟ್ಟಿ. ಪಟ್ಟಿಯ ಅಡಿಯಲ್ಲಿರುವುದು ಹುಟ್ಟಿನಿಂದ ಬಂದ ಬಣ್ಣ, ಹೊರಗಿರುವುದು ಅದರ ಮೇಲೆ ಬಿಸಿಲು ಸೇರಿಸಿದ ಬಣ್ಣ ಎಂದು ಅಧ್ಯಾಪಿಕೆ ಹೇಳಿದರು. ಬಿಸಿಲು ಯಾಕೆ ಬಣ್ಣ ಸೇರಿಸುತ್ತದೆ ಎಂಬ ಪ್ರಶ್ನೆ ಹಿಂದಿನ ಬೆಂಚಿನಿಂದ ಬಂತು. ಅಧ್ಯಾಪಿಕೆಗೆ ಬೇಕಾದದ್ದೂ ಅದೇ ಆಗಿತ್ತು.

ಅವರು ನೀಲ್ಸ್ ಫಿನ್ಸೆನ್ ಎಂಬ ವೈದ್ಯರ ಕಥೆ ಹೇಳಿದರು. 1860ರಲ್ಲಿ ಫ್ಯಾರೋ ದ್ವೀಪಗಳಲ್ಲಿ ಹುಟ್ಟಿ ಡೆನ್ಮಾರ್ಕಿನಲ್ಲಿ ನೆಲೆಸಿದ ಈತ ಬೆಳಕಿನಿಂದ ರೋಗ ಗುಣಪಡಿಸುವ ವಿಧಾನಕ್ಕಾಗಿ 1903ರಲ್ಲಿ ನೊಬೆಲ್ ಪುರಸ್ಕಾರ ಪಡೆದವರು. ಈತ ಒಮ್ಮೆ ತನ್ನ ಮುಂಗೈಯ ಮೇಲೆ ಕಪ್ಪು ಶಾಯಿಯಿಂದ ಒಂದು ಪಟ್ಟಿ ಬಳಿದುಕೊಂಡು ಬಿಸಿಲಿಗೆ ಹಿಡಿದರು. ಶಾಯಿ ತೊಳೆದಾಗ ಅದರ ಅಡಿಯ ಚರ್ಮ ಮೊದಲಿನಂತೆಯೇ ಇತ್ತು. ಸುತ್ತಲಿನ ಚರ್ಮ ಸುಟ್ಟಂತೆ ಕೆಂಪಾಗಿ, ಕೆಲವು ದಿನಗಳಲ್ಲಿ ಕಂದು ಬಣ್ಣಕ್ಕೆ ತಿರುಗಿತು. ಈ ಸಲ ಶಾಯಿಯಿಲ್ಲದೆ ಅದೇ ಕೈಯನ್ನು ಮತ್ತೆ ಬಿಸಿಲಿಗೆ ಹಿಡಿದರು. ಈಗ ಸುಟ್ಟದ್ದು ಹಿಂದೆ ಶಾಯಿಯ ಅಡಿಯಲ್ಲಿದ್ದ ಬಿಳಿಯ ಪಟ್ಟಿ. ಕಂದು ಬಣ್ಣಕ್ಕೆ ತಿರುಗಿದ್ದ ಭಾಗಕ್ಕೆ ಅಷ್ಟಾಗಿ ಏನೂ ಆಗಲಿಲ್ಲ. ಮೊದಲ ದಿನ ಹೊರಗಿನ ಶಾಯಿ ಮಾಡಿದ ಕೆಲಸವನ್ನು ಎರಡನೆಯ ಸಲ ಚರ್ಮವು ತಾನೇ ತಯಾರಿಸಿಕೊಂಡ ಶಾಯಿ ಮಾಡಿತ್ತು.

ಆ ಶಾಯಿಯ ಹೆಸರು ಮೆಲನಿನ್. ಹೊರಚರ್ಮದ ತಳದಲ್ಲಿ ಮೆಲನೋಸೈಟ್ ಎಂಬ ವರ್ಣಕೋಶಗಳಿವೆ. ಟೈರೊಸಿನೇಸ್ ಎಂಬ ಕಿಣ್ವದ ನೆರವಿನಿಂದ ಅವು ಮೆಲನಿನ್ನನ್ನು ತಯಾರಿಸಿ ಸಣ್ಣ ಸಣ್ಣ ಪೊಟ್ಟಣಗಳಲ್ಲಿ ತುಂಬುತ್ತವೆ. ಅನಂತರ ತಮ್ಮ ಕೈಗಳಂತಿರುವ ಚಾಚುಗಳ ಮೂಲಕ ಸುತ್ತಲಿನ ಚರ್ಮಕೋಶಗಳಿಗೆ ಆ ಪೊಟ್ಟಣಗಳನ್ನು ಹಂಚುತ್ತವೆ. ಪೊಟ್ಟಣ ಪಡೆದ ಕೋಶ ಅದನ್ನು ಎಲ್ಲೋ ಒಂದು ಮೂಲೆಯಲ್ಲಿ ಇಟ್ಟುಕೊಳ್ಳುವುದಿಲ್ಲ. ತನ್ನ ನಡುವಿನ ಕೋಶಕೇಂದ್ರದ ಮೇಲ್ಭಾಗದಲ್ಲಿ, ಬಿಸಿಲು ಬರುವ ದಿಕ್ಕಿಗೆ, ಸಾಲಾಗಿ ಜೋಡಿಸಿಕೊಳ್ಳುತ್ತದೆ. ಕೋಶಕೇಂದ್ರದಲ್ಲಿರುವುದು ಡಿಎನ್‌ಎ. ಸೂರ್ಯನ ನೇರಳಾತೀತ ಕಿರಣ ತಗಲಿದರೆ ಅದು ಕೆಡುತ್ತದೆ. ಅಡಿಕೆ ತೋಟಕ್ಕೆ ಹೋಗುವ ಅಜ್ಜ ಬಿಸಿಲಿಗೆ ತಲೆಯ ಮೇಲೆ ಏನಿಡುತ್ತಾರೆ ಎಂದು ಅಧ್ಯಾಪಿಕೆ ಕೇಳಿದರು. ಮುಟ್ಟಾಳೆ ಎಂದು ತರಗತಿ ಒಕ್ಕೊರಲಿನಿಂದ ಕೂಗಿತು. ನಿಮ್ಮ ಮೈಯ ಒಂದೊಂದು ಕೋಶವೂ ಒಂದೊಂದು ಮುಟ್ಟಾಳೆ ಇಟ್ಟುಕೊಂಡಿದೆ ಎಂದಾಗ ಹುಡುಗರು ತಮ್ಮ ಕೈಗಳನ್ನು ಹೊಸದಾಗಿ ಕಂಡವರಂತೆ ನೋಡಿಕೊಂಡರು.

ಹಾಗಾದರೆ ಕಪ್ಪಗಿರುವವರ ಮೈಯಲ್ಲಿ ವರ್ಣಕೋಶಗಳು ಹೆಚ್ಚು ಇರಬೇಕಲ್ಲ ಎಂದು ಒಬ್ಬ ಕೇಳಿದ. ಇಲ್ಲ ಎಂಬುದೇ ಉತ್ತರ. ಯಾವ ದೇಶದವರೇ ಆಗಿರಲಿ, ಮೈಯ ಒಂದೇ ಜಾಗದಲ್ಲಿ ಎಣಿಸಿದರೆ ವರ್ಣಕೋಶಗಳ ಸಂಖ್ಯೆ ಹೆಚ್ಚು ಕಡಿಮೆ ಒಂದೇ. ಕಪ್ಪು ಚರ್ಮದಲ್ಲಿ ಪೊಟ್ಟಣಗಳು ದೊಡ್ಡವು, ಬಿಡಿಬಿಡಿಯಾಗಿ ಹರಡಿಕೊಂಡಿರುವವು, ಬೇಗನೆ ಕರಗದವು. ಬಿಳಿ ಚರ್ಮದಲ್ಲಿ ಚಿಕ್ಕವು, ಗುಂಪುಗುಂಪಾಗಿರುವವು. ಒಂದೇ ಸಂಖ್ಯೆಯ ನೌಕರರಿರುವ ಎರಡು ಕಾರ್ಖಾನೆಗಳಲ್ಲಿ ಒಂದು ಹಗಲಿರುಳು ಓಡುತ್ತದೆ, ಇನ್ನೊಂದು ನಿಧಾನವಾಗಿ ಓಡುತ್ತದೆ ಎಂಬಷ್ಟೇ ವ್ಯತ್ಯಾಸ. ಹುಟ್ಟಿದ ಮಗು ಮೊದಲು ತಿಳಿಯಾಗಿದ್ದು ತಿಂಗಳುಗಳು ಕಳೆದಂತೆ ತನ್ನ ಬಣ್ಣಕ್ಕೆ ಬರುವುದು ಕೂಡ ಈ ಕಾರ್ಖಾನೆ ನಿಧಾನವಾಗಿ ಚುರುಕಾಗುವುದರಿಂದ. ಬಸುರಿಯರಿಗೆ ಕುಡಿಸುವ ಕೇಸರಿ ಹಾಲಿಗೂ ಇದಕ್ಕೂ ಸಂಬಂಧವಿಲ್ಲ. ಹಾಲು ಒಳ್ಳೆಯದು, ಕುಡಿಯಲಿ. ಆದರೆ ವಂಶವಾಹಿಯ ಬರಹವನ್ನು ಕೇಸರಿಯ ಎಸಳು ತಿದ್ದಲಾರದು.

ಇಷ್ಟು ಹೇಳಿದ ಮೇಲೆ ಅವರು ಬಹಳ ಹಿಂದಿನ ಕಾಲಕ್ಕೆ ಹೋದರು. ಮನುಷ್ಯನ ಹತ್ತಿರದ ಬಂಧು ಚಿಂಪಾಂಜಿಯ ಕಪ್ಪು ಕೂದಲನ್ನು ಸರಿಸಿ ನೋಡಿದರೆ ಅಡಿಯ ಚರ್ಮ ತಿಳಿ ಬಣ್ಣದ್ದು. ಕೂದಲೇ ಬಿಸಿಲನ್ನು ತಡೆಯುವುದರಿಂದ ಚರ್ಮಕ್ಕೆ ಬಣ್ಣ ಬೇಕಿಲ್ಲ. ನಮ್ಮ ಪೂರ್ವಜರು ಆಫ್ರಿಕದ ಬಯಲುಗಳಲ್ಲಿ ದೂರ ದೂರ ನಡೆಯಲು, ಓಡಲು ತೊಡಗಿದಾಗ ಮೈ ತಣಿಸಲು ಬೆವರು ಬೇಕಾಯಿತು. ಬೆವರು ಒಣಗಲು ಮೈ ಬೋಳಾಗಬೇಕಾಯಿತು. ಕೂದಲು ಹೋದ ಮೈಗೆ ಬೇರೆ ರಕ್ಷಣೆ ಬೇಕಾಗಿ ಕಪ್ಪು ಬಣ್ಣ ಬಂತು. ಚರ್ಮದ ಬಣ್ಣಕ್ಕೆ ಸಂಬಂಧಿಸಿದ ಒಂದು ವಂಶವಾಹಿಯನ್ನು ಪರಿಶೀಲಿಸಿದ ವಿಜ್ಞಾನಿಗಳು ಈ ಬದಲಾವಣೆ ಕಡಿಮೆಯೆಂದರೂ 12 ಲಕ್ಷ ವರ್ಷಗಳಷ್ಟು ಹಳೆಯದೆಂದು ಅಂದಾಜಿಸಿದ್ದಾರೆ. ಈ ಭೂಮಿಯ ಮೇಲೆ ಇಂದು ಇರುವ ಎಲ್ಲರೂ, ಎಷ್ಟೇ ಬೆಳ್ಳಗಿರಲಿ, ಕಪ್ಪು ಅಜ್ಜಿಯಂದಿರ ಮೊಮ್ಮಕ್ಕಳೇ.

ಬಿಸಿಲಿನಿಂದ ಚರ್ಮದ ಕ್ಯಾನ್ಸರ್ ಬರುತ್ತದೆ, ಅದನ್ನು ತಡೆಯಲು ಕಪ್ಪು ಬಂತು ಎಂದು ಹೇಳಿಬಿಡುವುದು ಸುಲಭ. ಆದರೆ ಆ ರೋಗ ಸಾಮಾನ್ಯವಾಗಿ ಬರುವುದು ಮಕ್ಕಳನ್ನು ಹೆತ್ತು ಬೆಳೆಸಿದ ಮೇಲಿನ ವಯಸ್ಸಿನಲ್ಲಿ. ಪ್ರಕೃತಿಯ ಆಯ್ಕೆ ಬಲವಾಗಿ ನಡೆಯುವುದು ಅದಕ್ಕಿಂತ ಮೊದಲು. ಅಮೆರಿಕದ ಮಾನವಶಾಸ್ತ್ರಜ್ಞೆ ನೀನಾ ಜಬ್ಲಾನ್‌ಸ್ಕಿ ಅವರಿಗೆ ಕೊರತೆಯೆಂದು ಕಂಡದ್ದು ಇದೇ. 1978ರಲ್ಲಿ ಇಬ್ಬರು ವಿಜ್ಞಾನಿಗಳು ರಕ್ತದಲ್ಲಿರುವ ಫೋಲೇಟ್ ಎಂಬ ಜೀವಸತ್ವ ಬಿಸಿಲಿನಂತಹ ಬೆಳಕಿಗೆ ಒಡೆಯುತ್ತದೆಂದು ತೋರಿಸಿದ್ದರು. ಫೋಲೇಟ್ ಸಾಲದಿದ್ದರೆ ಗರ್ಭದಲ್ಲಿನ ಶಿಶುವಿನ ಬೆನ್ನುಹುರಿ, ಮೆದುಳು ಸರಿಯಾಗಿ ರೂಪುಗೊಳ್ಳುವುದಿಲ್ಲ. ಎರಡನ್ನೂ ಜೋಡಿಸಿ, ಜಾರ್ಜ್ ಚಾಪ್ಲಿನ್ ಅವರೊಂದಿಗೆ 2000ನೆಯ ಇಸವಿಯಲ್ಲಿ ಜಬ್ಲಾನ್‌ಸ್ಕಿ ಮಂಡಿಸಿದ ವಿವರಣೆ ಇಂದು ವ್ಯಾಪಕವಾಗಿ ಮಾನ್ಯವಾಗಿದೆ. ಕಪ್ಪು ಚರ್ಮ ಮುಖ್ಯವಾಗಿ ಕಾಪಾಡಿದ್ದು ತಾಯಿಯ ರಕ್ತದಲ್ಲಿನ ಫೋಲೇಟನ್ನು, ಅದರ ಮೂಲಕ ಹುಟ್ಟಲಿರುವ ಮಗುವನ್ನು. ವಾರಕ್ಕೊಮ್ಮೆ ಶಾಲೆಯಲ್ಲಿ ನಿಮಗೆ ನುಂಗಿಸುವ ನೀಲಿ ಮಾತ್ರೆಯಲ್ಲಿ ಕಬ್ಬಿಣದ ಜೊತೆಗಿರುವುದು ಈ ಜೀವಸತ್ವವೇ ಎಂದು ಅಧ್ಯಾಪಿಕೆ ಹೇಳಿದಾಗ ಮಾತ್ರೆಯನ್ನು ಕಿಟಕಿಯಿಂದ ಹೊರಗೆಸೆಯುತ್ತಿದ್ದವರು ಒಬ್ಬರನ್ನೊಬ್ಬರು ನೋಡಿಕೊಂಡರು.

ಹಾಗಿದ್ದರೆ ಬಿಳಿಯರು ಎಲ್ಲಿಂದ ಬಂದರು? ಆಫ್ರಿಕದಿಂದ ಹೊರಟವರಲ್ಲಿ ಕೆಲವರು ಉತ್ತರಕ್ಕೆ ಹೋದರು. ಅಲ್ಲಿ ಸೂರ್ಯ ಓರೆ, ಚಳಿಗಾಲ ದೀರ್ಘ. ವಿಟಮಿನ್ ಡಿ ತಯಾರಾಗಬೇಕಾದರೆ ಅದೇ ನೇರಳಾತೀತ ಕಿರಣದ ಒಂದು ಪಾಲು ಚರ್ಮದೊಳಗೆ ಇಳಿಯಬೇಕು. ಇಳಿಯದಿದ್ದರೆ ಮೂಳೆ ಮೆತ್ತಗಾಗಿ ಮಕ್ಕಳಿಗೆ ಕಾಲು ಬಾಗುವ ರಿಕೆಟ್ಸ್ ಬರುತ್ತದೆ. ಹೆಣ್ಣುಮಕ್ಕಳ ಸೊಂಟದ ಮೂಳೆ ಕುಗ್ಗಿ ಮುಂದೆ ಹೆರಿಗೆಯೇ ಕಷ್ಟವಾಗುತ್ತದೆ. ಹೊಗೆ ಮುಸುಕಿದ ಯುರೋಪಿನ ಕೈಗಾರಿಕಾ ನಗರಗಳಲ್ಲಿ ಈ ರೋಗ ಮನೆಮನೆಯದಾಗಿತ್ತು. 1919ರಲ್ಲಿ ಬರ್ಲಿನ್ನಿನ ವೈದ್ಯ ಕುರ್ಟ್ ಹುಲ್ಡ್‌ಶಿನ್‌ಸ್ಕಿ ನೇರಳಾತೀತ ಕಿರಣ ಸೂಸುವ ದೀಪದಿಂದಲೇ ಅಂತಹ ಮಕ್ಕಳನ್ನು ಗುಣಪಡಿಸಿ ತೋರಿಸಿದರು. ಬೆಳಕು ಕಡಿಮೆಯಿರುವ ನಾಡಿನಲ್ಲಿ ಮುಟ್ಟಾಳೆ ಹಗುರವಾಗಬೇಕಾಯಿತು, ಹಾಗೆ ಚರ್ಮ ತಿಳಿಯಾಯಿತು. ಮೀನು ಮತ್ತು ಕಡಲಪ್ರಾಣಿಗಳ ಆಹಾರದಿಂದಲೇ ವಿಟಮಿನ್ ಡಿ ಪಡೆಯುವ ಉತ್ತರಧ್ರುವ ಪ್ರದೇಶದ ಇನ್ಯೂಟ್ ಜನ ಅಷ್ಟು ಬೆಳ್ಳಗಾಗಲಿಲ್ಲ ಎಂಬುದು ಈ ವಿವರಣೆಗೆ ಒಂದು ಸಾಕ್ಷಿ.

ಈ ಬದಲಾವಣೆ ಬಹಳ ಹಿಂದಿನದೂ ಅಲ್ಲ. ಸ್ಪೇನಿನ ಗುಹೆಯೊಂದರಲ್ಲಿ ದೊರೆತ ಸುಮಾರು 7000 ವರ್ಷ ಹಿಂದಿನ ಬೇಟೆಗಾರನ ಡಿಎನ್‌ಎ ಓದಿದಾಗ ಅವನ ಕಣ್ಣು ನೀಲಿ, ಮೈ ಕಪ್ಪು ಎಂದು ತಿಳಿಯಿತು. ಯುರೋಪಿನಲ್ಲಿ ಬಿಳಿ ಚರ್ಮ ಎಲ್ಲೆಡೆ ಹರಡಿದ್ದು ಕಳೆದ ಕೆಲವೇ ಸಾವಿರ ವರ್ಷಗಳಲ್ಲಿ. ಪೂರ್ವ ಏಷ್ಯಾದವರು ತಿಳಿಬಣ್ಣಕ್ಕೆ ಬಂದದ್ದು ಬಹುಮಟ್ಟಿಗೆ ಬೇರೆಯೇ ವಂಶವಾಹಿಗಳ ಬದಲಾವಣೆಯಿಂದ. ಆಫ್ರಿಕದ ಒಳಗೂ ಎಲ್ಲರೂ ಒಂದೇ ಬಣ್ಣದವರಲ್ಲ. 2017ರಲ್ಲಿ ಪ್ರಕಟವಾದ ಅಧ್ಯಯನವೊಂದು ಬಣ್ಣವನ್ನು ಗಾಢವಾಗಿಸುವ, ತಿಳಿಯಾಗಿಸುವ ಎರಡೂ ಬಗೆಯ ಹಲವು ವಂಶವಾಹಿ ರೂಪಗಳು ಆಫ್ರಿಕದಲ್ಲಿಯೇ ಹುಟ್ಟಿದವೆಂದು ತೋರಿಸಿತು.

ನಮ್ಮ ನಾಡಿನ ಕಥೆಗೂ ಅಲ್ಲೊಂದು ಎಳೆಯಿದೆ. ಭಾರತದ ಹಳ್ಳ, ಗದ್ದೆಗಳ ನೀರಿನಲ್ಲಿ ಪಟ್ಟೆಪಟ್ಟೆಯ ಒಂದು ಪುಟ್ಟ ಮೀನಿದೆ, ಅದಕ್ಕೆ ಜೀಬ್ರಾ ಮೀನು ಎನ್ನುತ್ತಾರೆ. ಆ ಮೀನಿನ ತಿಳಿಹಳದಿ ತಳಿಯೊಂದನ್ನು ಅಭ್ಯಸಿಸುತ್ತಿದ್ದ ಅಮೆರಿಕದ ತಂಡವೊಂದು 2005ರಲ್ಲಿ ಎಸ್‌ಎಲ್‌ಸಿ24ಎ5 ಎಂಬ ವಂಶವಾಹಿಯನ್ನು ಗುರುತಿಸಿತು. ಮನುಷ್ಯರಲ್ಲಿಯೂ ಇರುವ ಇದರ ಒಂದಕ್ಷರದ ಬದಲಾವಣೆ ಚರ್ಮವನ್ನು ತಿಳಿಯಾಗಿಸುತ್ತದೆ. 2013ರಲ್ಲಿ ಹೈದರಾಬಾದಿನ ಸಿಸಿಎಂಬಿ ಸಂಸ್ಥೆಯ ವಿಜ್ಞಾನಿಗಳೂ ಸೇರಿದ ತಂಡ, ಭಾರತೀಯರಲ್ಲಿಯೂ ಯುರೋಪಿನವರಲ್ಲಿಯೂ ಇರುವ ಈ ಬದಲಾವಣೆ ಒಂದೇ ಮೂಲದಿಂದ ಬಂದದ್ದೆಂದು ತೋರಿಸಿತು. ನಮ್ಮ ದೇಶದಲ್ಲಿ ಅದು ಒಂದು ಊರಿನಲ್ಲಿ ಹೆಚ್ಚು, ಇನ್ನೊಂದರಲ್ಲಿ ಕಡಿಮೆ. ಇದರೊಂದಿಗೆ ಬಣ್ಣವನ್ನು ನಿರ್ಧರಿಸುವ ಇನ್ನೂ ಹಲವು ವಂಶವಾಹಿಗಳಿವೆ. ತಂದೆತಾಯಿಯರ ಇಸ್ಪೀಟು ಕಟ್ಟು ಪ್ರತಿ ಮಗುವಿಗೂ ಹೊಸದಾಗಿ ಕಲಸಿ ಹಂಚಲ್ಪಡುತ್ತದೆ. ಅದರಿಂದಲೇ ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಅಕ್ಕ ಬೆಳ್ಳಗೆ, ತಂಗಿ ಕಪ್ಪಗೆ. ಇದನ್ನು ಹೇಳುವಾಗ ಅಧ್ಯಾಪಿಕೆಯ ದನಿ ತುಸು ತಗ್ಗಿತು. ಕಾರಣ ಮಕ್ಕಳಿಗೆ ತಿಳಿಯಲಿಲ್ಲ.

ಕಾಸರಗೋಡು ಇರುವುದು ಭೂಮಧ್ಯರೇಖೆಯಿಂದ ಉತ್ತರಕ್ಕೆ ಸುಮಾರು ಹನ್ನೆರಡೂವರೆ ಡಿಗ್ರಿಯಲ್ಲಿ. ಏಪ್ರಿಲ್ ತಿಂಗಳ ಕೊನೆಯ ಭಾಗದಲ್ಲಿ ಒಮ್ಮೆ, ಆಗಸ್ಟ್ ಮೂರನೆಯ ವಾರದಲ್ಲಿ ಇನ್ನೊಮ್ಮೆ ಸೂರ್ಯ ಇಲ್ಲಿ ನಡುನೆತ್ತಿಗೆ ಬಂದು, ಮಧ್ಯಾಹ್ನ ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಇರುವುದಿಲ್ಲ. ಇಂತಹ ಆಕಾಶದ ಅಡಿಯಲ್ಲಿ ಹುಟ್ಟಿದವರಿಗೆ ಕಪ್ಪು ಬಣ್ಣ ಕೊರತೆಯಲ್ಲ, ಹಿರಿಯರು ಬಿಟ್ಟುಹೋದ ಆಸ್ತಿ. ಬಿಳಿಯರು ಹೆಚ್ಚಾಗಿ ನೆಲೆಸಿದ ಆಸ್ಟ್ರೇಲಿಯಾದಲ್ಲಿ ಚರ್ಮದ ಕ್ಯಾನ್ಸರ್ ಜಗತ್ತಿನಲ್ಲಿಯೇ ಅತಿ ಹೆಚ್ಚು. ಮೋಡ ಮುಸುಕಿದ ಇಂಗ್ಲೆಂಡಿನಲ್ಲಿ ನೆಲೆಸಿದ ಕಪ್ಪು ಚರ್ಮದವರಿಗೆ ವಿಟಮಿನ್ ಡಿ ಮಾತ್ರೆ ತೆಗೆದುಕೊಳ್ಳಿರೆಂದು ಅಲ್ಲಿನ ಆರೋಗ್ಯ ಇಲಾಖೆ ಸಲಹೆ ಕೊಡುತ್ತದೆ. ಯಾವ ಬಣ್ಣವೂ ಮೇಲಲ್ಲ, ಕೀಳಲ್ಲ. ಒಂದೊಂದು ಬಣ್ಣವೂ ಒಂದೊಂದು ಆಕಾಶಕ್ಕೆ ಕೊಟ್ಟ ಉತ್ತರ ಎಂದು ಹೇಳಿ ಅಧ್ಯಾಪಿಕೆ ಪಾಠ ಮುಗಿಸಿದರು.

ಆಗ ನೃತ್ಯ ಬಿಟ್ಟ ಹುಡುಗಿ ಎದ್ದು ನಿಂತಳು. "ಕಪ್ಪು ಅಷ್ಟು ಒಳ್ಳೆಯದಾದರೆ ಎಲ್ಲರೂ ಯಾಕೆ ನಗುತ್ತಾರೆ ಟೀಚರ್?"

ತರಗತಿ ಸುಮ್ಮನಾಯಿತು. ಬಣ್ಣ ಹೇಗೆ ಬಂತೆಂಬುದನ್ನು ವಿಜ್ಞಾನ ಹೇಳುತ್ತದೆ. ನಗುವವರು ಯಾಕೆ ನಗುತ್ತಾರೆ ಎಂಬುದಕ್ಕೆ ಪಠ್ಯಪುಸ್ತಕದಲ್ಲಿ ಉತ್ತರವಿರಲಿಲ್ಲ. ಅಷ್ಟರಲ್ಲಿ ಗಂಟೆ ಹೊಡೆಯಿತು. ಗಂಟೆ ಹೊಡೆದದ್ದು ತನ್ನ ಪುಣ್ಯ ಎಂದು ಅನ್ನಿಸಿದ್ದಕ್ಕೆ ಅಧ್ಯಾಪಿಕೆ ಅನಂತರ ನಾಚಿಕೊಂಡರು.

ಆ ಸಂಜೆ ಅವರು ಹುಡುಗಿಯ ಮನೆಗೆ ಹೋದರು. ಜಗಲಿಯಲ್ಲಿ ತಾಯಿ ಮೊರವನ್ನು ತೊಡೆಯ ಮೇಲಿಟ್ಟು ಬೀಡಿ ಕಟ್ಟುತ್ತಿದ್ದರು. ತಂದೆ ಗಲ್ಫಿನಲ್ಲಿ. ಟೀಚರ್ ಬಂದರೆಂದು ತಾಯಿ ಗಡಿಬಿಡಿಯಿಂದ ಎದ್ದು ಚಾಪೆ ಹಾಸಿ, ಒಳಗಿನಿಂದ ಚಹಾ ತಂದರು. ಡಬ್ಬಿಯ ಮಾತು ಬಂದಾಗ ಮುಚ್ಚಿಡಲಿಲ್ಲ.

"ನಾನೇ ತಂದುಕೊಟ್ಟದ್ದು ಟೀಚರ್. ಪೇಟೆಯ ಅಂಗಡಿಯಲ್ಲಿ ಕೇಳಿದಾಗ ಒಂದು ತಿಂಗಳಿನಲ್ಲಿ ಬಿಳಿಯಾಗುತ್ತಾಳೆ ಅಂದರು. ಹಚ್ಚಿ ಹತ್ತು ದಿವಸ ಆಯಿತು. ಸ್ವಲ್ಪ ಬೆಳ್ಳಗಾದ ಹಾಗೆ ಕಾಣುತ್ತದೆ ಕೂಡ."

ಬೆಳ್ಳಗಾದ ಹಾಗೆ ಕಾಣುವುದೇ ಭಯದ ವಿಷಯ ಎಂದು ಅಧ್ಯಾಪಿಕೆ ನಿಧಾನವಾಗಿ ವಿವರಿಸಿದರು. ಇಂತಹ ಹೆಸರಿಲ್ಲದ ಕ್ರೀಮುಗಳಲ್ಲಿ ಹಲವಕ್ಕೆ ಪಾದರಸ ಬೆರೆಸಿರುತ್ತಾರೆ. ಪಾದರಸ ಟೈರೊಸಿನೇಸ್ ಕಿಣ್ವವನ್ನು ಕಟ್ಟಿಹಾಕುತ್ತದೆ, ಮೆಲನಿನ್ ತಯಾರಾಗುವುದು ನಿಲ್ಲುತ್ತದೆ, ಮುಖ ತಿಳಿಯಾಗುತ್ತದೆ. ಆದರೆ ಹಚ್ಚಿದ ಪಾದರಸ ಚರ್ಮದಲ್ಲಿಯೇ ನಿಲ್ಲದೆ ರಕ್ತಕ್ಕೆ ಇಳಿದು ಮೂತ್ರಪಿಂಡಕ್ಕೆ ಹೋಗಿ ಸೇರುತ್ತದೆ. ಇದೇ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ 2023ರಲ್ಲಿ ಮೂತ್ರಪಿಂಡದ ಕಾಯಿಲೆಯಿಂದ ಬಂದ ಹಲವರನ್ನು ವಿಚಾರಿಸಿದ ವೈದ್ಯರಿಗೆ ಅವರು ಇಂತಹ ಕ್ರೀಮು ಹಚ್ಚುತ್ತಿದ್ದರೆಂದು ತಿಳಿಯಿತು. ರಾಜ್ಯದ ಔಷಧ ನಿಯಂತ್ರಣ ಇಲಾಖೆ ಆಪರೇಷನ್ ಸೌಂದರ್ಯ ಎಂಬ ಹೆಸರಿನಲ್ಲಿ ಅಂಗಡಿಗಳನ್ನು ತಪಾಸಣೆ ಮಾಡಿತು. ಇನ್ನು ಕೆಲವು ಕ್ರೀಮುಗಳಲ್ಲಿ ಸ್ಟೀರಾಯ್ಡ್ ಇರುತ್ತದೆ. ಅದರಿಂದ ಮುಖದ ಚರ್ಮ ತೆಳುವಾಗಿ, ಕೆಂಪೇರಿ, ಮೊಡವೆ ಎದ್ದು, ಬಿಸಿಲು ಸಹಿಸದಂತಾಗುತ್ತದೆ. ಕಾಲಿನಲ್ಲಿ ಬಾವು, ಮೂತ್ರದಲ್ಲಿ ನೊರೆ ಕಂಡರೆ ಒಂದು ದಿನವೂ ತಡಮಾಡಬಾರದು.

ತಾಯಿ ಕೈಯಲ್ಲಿದ್ದ ಬೀಡಿ ಎಲೆಯನ್ನು ಮೊರದಲ್ಲಿಟ್ಟರು. ಬಹಳ ಹೊತ್ತು ಮಾತನಾಡಲಿಲ್ಲ. ಕೊನೆಗೆ ಹೇಳಿದರು, "ನೀವು ಕಲಿತವರು, ನೀವು ಹೇಳಿದ್ದು ಸರಿಯೇ ಇರಬಹುದು. ಇದನ್ನು ಬಿಸಾಡುತ್ತೇನೆ. ಆದರೆ ನಾಳೆ ಇವಳನ್ನು ನೋಡಲು ಬರುವವರಿಗೆ ಇದನ್ನೆಲ್ಲ ಹೇಳುವವರು ಯಾರು? ಇವಳ ಅಪ್ಪ ದುಡಿಯುವುದು ಸಾಲ ತೀರಿಸಲಿಕ್ಕೆ. ಹುಡುಗಿ ಕಪ್ಪು ಅಂತ ಇನ್ನೂ ಹತ್ತು ಪವನು ಹೆಚ್ಚು ಕೇಳಿದರೆ ನಾನು ಎಲ್ಲಿಂದ ತರಲಿ?"

ಅಧ್ಯಾಪಿಕೆಯ ಬಳಿ ಸಿದ್ಧ ಉತ್ತರವಿರಲಿಲ್ಲ. ಆ ತಾಯಿ ಮಗಳ ಬಣ್ಣವನ್ನು ಹಳಿಯುತ್ತಿರಲಿಲ್ಲ. ಊರು ಆ ಬಣ್ಣಕ್ಕೆ ಕಟ್ಟುವ ಬೆಲೆಯನ್ನು ಲೆಕ್ಕ ಹಾಕುತ್ತಿದ್ದರು. ತಮ್ಮ ಅಜ್ಜಿ ಕಡಲೆಹಿಟ್ಟು ತಿಕ್ಕಿದ್ದೂ ಇದೇ ಲೆಕ್ಕದಿಂದ ಎಂದು ಅಧ್ಯಾಪಿಕೆಗೆ ಆ ಜಗಲಿಯಲ್ಲಿ ಕುಳಿತಾಗ ಮೊದಲ ಬಾರಿಗೆ ಹೊಳೆಯಿತು. ಅದರ ಬೆನ್ನಿಗೇ ಇನ್ನೊಂದು ನೆನಪು ಬಂತು. ಎರಡು ವರ್ಷಗಳ ಹಿಂದೆ ಶಾಲೆಯ ವಾರ್ಷಿಕೋತ್ಸವ. ಅತಿಥಿಗಳಿಗೆ ಹೂಗುಚ್ಛ ಕೊಡಲು ಮಕ್ಕಳನ್ನು ಆರಿಸಿದವರು ಯಾರು? ಇವರೇ. ಆಗ ಏಳನೆಯ ತರಗತಿಯಲ್ಲಿದ್ದ ಈ ಹುಡುಗಿ ಮುಂದೆ ಬಂದು ನಿಂತಿದ್ದಳು. ಅವಳನ್ನು ದಾಟಿ ಪಕ್ಕದ ಬೆಳ್ಳಗಿನ ಹುಡುಗಿಯ ಕೈಗೆ ಹೂವು ಕೊಟ್ಟದ್ದು ಇವರ ಕೈ. ಅಂದು ಅದು ತಪ್ಪೆಂದು ತೋರಿರಲಿಲ್ಲ. ಯೋಚಿಸಿಯೂ ಇರಲಿಲ್ಲ. ಹಿಂದಿನ ಸಾಲಿಗೆ ನಿಲ್ಲಿಸಿದವರು ಹೊರಗಿನಿಂದ ಬಂದವರು ಎಂದು ಈ ತನಕ ಅವರು ಸಮಾಧಾನ ಪಟ್ಟುಕೊಂಡಿದ್ದರು.

ಬಾಗಿಲ ಸಂದಿಯಲ್ಲಿ ನಿಂತಿದ್ದ ಹುಡುಗಿಯನ್ನು ಅವರು ಹತ್ತಿರ ಕರೆದರು. "ನೀನು ಇವತ್ತು ಕೇಳಿದೆಯಲ್ಲ, ಎಲ್ಲರೂ ಯಾಕೆ ನಗುತ್ತಾರೆ ಅಂತ. ಎಲ್ಲರ ವಿಷಯ ನನಗೆ ಗೊತ್ತಿಲ್ಲ ಮಗಳೇ. ಆದರೆ ಆವತ್ತು ಹೂವು ಕೊಡುವಾಗ ನಿನ್ನನ್ನು ಬಿಟ್ಟದ್ದು ನಾನು. ಅದು ತಪ್ಪು."

ಹುಡುಗಿ ತಲೆ ತಗ್ಗಿಸಿದಳು. "ನನಗೆ ನೆನಪುಂಟು ಟೀಚರ್" ಎಂದಳು ಅಷ್ಟೇ. ತಾಯಿ ಸೆರಗಿನ ತುದಿಯಿಂದ ಕಣ್ಣೊರಸಿಕೊಂಡು ಚಹಾದ ಲೋಟಗಳನ್ನು ಎತ್ತಿ ಒಳಗೆ ಹೋದರು.

ಡಬ್ಬಿಯನ್ನು ಬಚ್ಚಲಿಗೆ ಸುರಿಯಬೇಡಿ, ಪಾದರಸ ಮಣ್ಣಿಗೂ ನೀರಿಗೂ ಸೇರುತ್ತದೆ ಎಂದು ಹೇಳಿ ಅಧ್ಯಾಪಿಕೆ ಅದನ್ನು ಪ್ಲಾಸ್ಟಿಕ್ ಲಕೋಟೆಯಲ್ಲಿ ಕಟ್ಟಿ ತಾವೇ ಒಯ್ದು, ಔಷಧ ನಿಯಂತ್ರಣ ಇಲಾಖೆಯ ಕಚೇರಿಗೆ ಮುಟ್ಟಿಸಿದರು. ಮರುದಿನ ತಾಯಿ ಮಗಳನ್ನು ಸರಕಾರಿ ಆಸ್ಪತ್ರೆಗೆ ಕರೆದೊಯ್ದರು. ಮೂತ್ರ ಪರೀಕ್ಷೆಯಲ್ಲಿ ದೋಷವೇನೂ ಕಾಣಲಿಲ್ಲ. ಹಚ್ಚಿದ್ದು ಹತ್ತೇ ದಿನವಾದ್ದರಿಂದ ಬಚಾವು, ಕೆಲವು ವಾರ ಬಿಟ್ಟು ಇನ್ನೊಮ್ಮೆ ಪರೀಕ್ಷೆ ಮಾಡಿಸಿ ಎಂದರಂತೆ ವೈದ್ಯರು.

ಅಭ್ಯಾಸದ ಕೋಣೆಗೆ ಆ ವಾರ ಅಧ್ಯಾಪಿಕೆಯೂ ಹೋದರು. ನೃತ್ಯ ಹೇಳಿಕೊಡುವವರೊಂದಿಗೆ ವಾದ ಮಾಡಲಿಲ್ಲ. ಸಾಲು ನಿಲ್ಲಿಸುವುದು ಎತ್ತರ ನೋಡಿಯೇ ಆಗಲಿ, ಶಾಲೆಯ ನಿಯಮ ಅದು ಎಂದರು. ಅಂತಹ ನಿಯಮ ಅಂದಿನವರೆಗೆ ಇರಲಿಲ್ಲ, ಅಂದಿನಿಂದ ಇದೆ. ಎತ್ತರದ ಲೆಕ್ಕದಲ್ಲಿ ಹುಡುಗಿಗೆ ಸಿಕ್ಕಿದ್ದು ಎರಡನೆಯ ಸಾಲಿನ ಬಲತುದಿ. ಅವಳು ತಕರಾರು ಮಾಡಲಿಲ್ಲ. ಕಾಲುನೋವು ವಾಸಿಯಾಯಿತು ಎಂದು ಗೆಳತಿಯರಿಗೆ ಹೇಳಿದಳು. ಕಲೋತ್ಸವದಲ್ಲಿ ತಂಡಕ್ಕೆ ಬಿ ಗ್ರೇಡ್ ಬಂತು. ಮುಖಕ್ಕೆ ದಪ್ಪಗೆ ಬಳಿದ ಬಿಳಿಯ ಬಣ್ಣ ಬೆವರಿಗೆ ಕರಗಿ ಏಳೂ ಮಂದಿಯ ಕುತ್ತಿಗೆಯ ಮೇಲೆ ಒಂದೇ ರೀತಿ ಇಳಿದಿತ್ತು.

ತಾಯಿ ಕೇಳಿದ ಪ್ರಶ್ನೆ ಮಾತ್ರ ಹಾಗೆಯೇ ಉಳಿದಿದೆ. ಹೆಣ್ಣು ನೋಡಲು ಬರುವವರಿಗೆ ಇದನ್ನೆಲ್ಲ ಹೇಳುವವರು ಯಾರು? ಇತ್ತೀಚೆಗೆ ಅಧ್ಯಾಪಿಕೆ ಚರ್ಮದ ಪಾಠ ಮಾಡುವಾಗ ಹುಡುಗರ ಸಾಲಿನ ಕಡೆಗೆ ಹೆಚ್ಚು ನೋಡುತ್ತಾರೆ. ಇನ್ನು ಹತ್ತು ಹನ್ನೆರಡು ವರ್ಷಗಳಲ್ಲಿ ಹೆಣ್ಣು ನೋಡಲು ಹೋಗುವವರು ಅವರೇ. ಗಡಿಯಾರ ಬಿಚ್ಚಿರಿ ಎಂದು ಮೊದಲು ಅವರಿಗೇ ಹೇಳುತ್ತಾರೆ.